ಟ್ಯಾಬಿಗೆ ಹುಬ್ಬಿಲ್ಲ

ನಮ್ಮ ವಿಶೇಷ ಮಕ್ಕಳಿಗೆ ಒಂದು ವಿದ್ಯೆ ತುಂಬಾ ಚೆನ್ನಾಗಿ ಬರುತ್ತದೆ. ಟೀಚರ್ ಮುಖ ಓದೋದು. ನಾವೇ ಕಲಿಸಿದ್ದು, ನಮಗೇ ಗೊತ್ತಿಲ್ಲದ ಹಾಗೆ.

ಐದು ಕಾರ್ಡ್ ಹರಡಿ 'ಹಸು ಯಾವುದು?' ಅಂತ ಕೇಳಿ. ಮಗು ಕಾರ್ಡ್ ನೋಡುವುದಿಲ್ಲ, ನಿಮ್ಮನ್ನು ನೋಡುತ್ತದೆ. ಕೈ ನಾಯಿಯ ಮೇಲೆ ಹೋದಾಗ ನಿಮ್ಮ ಹುಬ್ಬು ಒಂಚೂರು ಮೇಲೇರುತ್ತದೆ. ಕೈ ಮುಂದೆ ಸರಿಯುತ್ತದೆ. ಹಸುವಿನ ಹತ್ತಿರ ಬಂದಾಗ ನಿಮ್ಮ ತುಟಿ ಅರಳುತ್ತದೆ. ಕೈ ಅಲ್ಲೇ ನಿಲ್ಲುತ್ತದೆ. ನಾವು ಚಪ್ಪಾಳೆ ತಟ್ಟಿ, ರಿಜಿಸ್ಟರಿನಲ್ಲಿ 'ಗುರುತಿಸುತ್ತಾನೆ' ಅಂತ ಬರೆದು ಮುಗಿಸುತ್ತೇವೆ. ನಾನೂ ವರ್ಷಗಟ್ಟಲೆ ಹಾಗೇ ಬರೆದವಳೇ.

ಕೊಡಗಿನ ಸಿದ್ದಾಪುರದ ಕಡೆ ಒಂದು ತೋಟದ ಲೈನ್ ಮನೆಯಲ್ಲಿ, ಅಂದರೆ ಕಾರ್ಮಿಕರ ಸಾಲುಮನೆಯಲ್ಲಿ, ಹನ್ನೆರಡು ವರ್ಷದ ಹುಡುಗನಿದ್ದಾನೆ. ಇಲ್ಲಿ ಪುಟ್ಟ ಅಂತ ಕರೆಯುತ್ತೇನೆ. ಬುದ್ಧಿ ಬೆಳವಣಿಗೆ ನಿಧಾನ, ಮಾತು ಕಡಿಮೆ. ಅವನ ಮುಂದೆ ನನ್ನ ಹಳೇ ಟ್ಯಾಬ್ ಇಟ್ಟು ಸ್ಕ್ರ್ಯಾಚ್ ಜೂನಿಯರ್ ತೆರೆದೆ. 2014ರಲ್ಲಿ ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯ ಮತ್ತು ಎಂಐಟಿಯವರು ಸೇರಿ 5ರಿಂದ 7 ವರ್ಷದ ಮಕ್ಕಳಿಗೆ ಅಂತ ಹೊರತಂದ ಆಪ್ ಇದು. ಗೇಮ್ ಅನ್ನುವುದಕ್ಕಿಂತ, ಗೇಮ್ ಮಾಡುವ ಆಟಿಕೆ. ದುಡ್ಡು ಕೊಡಬೇಕಾಗಿಲ್ಲ. ಒಮ್ಮೆ ಹಾಕಿಕೊಂಡರೆ ನೆಟ್ ಬೇಡ. ಜುಲೈಯಲ್ಲಿ ಕರೆಂಟೂ ಇಲ್ಲ, ಟವರೂ ಇಲ್ಲ ಅನ್ನುವ ನಮ್ಮೂರಿಗೆ ಇದು ಸಣ್ಣ ವಿಷಯವಲ್ಲ. ಅದರಲ್ಲಿ ಬಾಣ ಇದೆ, ಚಿತ್ರ ಇದೆ, ಓದಲೇಬೇಕಾದ ಅಕ್ಷರ ಇಲ್ಲ. ನಾನು ಹೋಗುವ ಮನೆಗಳಲ್ಲಿ ಒಂದರಲ್ಲಿ ಕೊಡವ ತಕ್ಕ್, ಇನ್ನೊಂದರಲ್ಲಿ ಅರೆಭಾಷೆ, ಮತ್ತೊಂದರಲ್ಲಿ ಯರವ, ಮಲಯಾಳ. ಬಾಣಕ್ಕೆ ಯಾವ ಭಾಷೆಯ ಹಂಗೂ ಇಲ್ಲ.

ಎಡಗಡೆ ಬೆಕ್ಕು, ಬಲಗಡೆ ಮರ. ಬೆಕ್ಕನ್ನು ಮರದ ಹತ್ತಿರ ಕಳಿಸಬೇಕು. ನೀಲಿ ತುಂಡಿನಲ್ಲಿ ಒಂದು ಬಾಣ, ಅದರ ಕೆಳಗೆ ಒಂದು ಅಂಕಿ. ಪುಟ್ಟ 3 ಒತ್ತಿದ. ಬೆಕ್ಕು ಮೂರು ಹೆಜ್ಜೆ ಹಾಕಿ ನಡುದಾರಿಯಲ್ಲಿ ನಿಂತಿತು. ಪುಟ್ಟ ಎಂದಿನಂತೆ ನನ್ನ ಮುಖ ನೋಡಿದ. ನಾನು ಕಿಟಕಿಯಾಚೆ ಮೆಣಸಿನ ಬಳ್ಳಿ ನೋಡುತ್ತಾ ಕೂತೆ. ಕಷ್ಟ ಮಾರಾಯ್ರೇ. ಉತ್ತರ ಬಾಯಿಗೆ ಬಂದಿರುತ್ತದೆ, ಬೆರಳು ತಾನಾಗೇ ಮುಂದೆ ಹೋಗುತ್ತದೆ. ಕೊನೆಗೆ ಎರಡೂ ಕೈಯನ್ನು ತೊಡೆ ಕೆಳಗೆ ಸಿಕ್ಕಿಸಿಕೊಂಡೆ.

ಅವನು ಟ್ಯಾಬ್ ನೋಡಿದ. ಅದಕ್ಕೆ ಹುಬ್ಬೂ ಇಲ್ಲ, ತುಟಿಯೂ ಇಲ್ಲ. ಬೆಕ್ಕಿಗೂ ಮರಕ್ಕೂ ನಡುವೆ ಖಾಲಿ ಜಾಗ ಇದೆ, ಅಷ್ಟೇ. ಬೆಕ್ಕನ್ನು ಮೊದಲಿನ ಜಾಗಕ್ಕೆ ತಂದು 9 ಒತ್ತಿದ. ಬೆಕ್ಕು ಮರ ದಾಟಿ ಹೋಯಿತು. ಪುಟ್ಟ ನಕ್ಕ. ತಪ್ಪಾದಾಗ ಅವನು ನಕ್ಕಿದ್ದನ್ನು ನೋಡಿದ್ದು ಅದೇ ಮೊದಲು. ಆಮೇಲೆ 5. ಆಮೇಲೆ 6. 7ಕ್ಕೆ ಬೆಕ್ಕು ಮರದ ಬುಡದಲ್ಲಿತ್ತು. ಅವನು ನನ್ನ ಕಡೆ ತಿರುಗಲೇ ಇಲ್ಲ.

ಇದು ಹೊಸ ವಿಚಾರವೇನಲ್ಲ. ಗಣಿತಜ್ಞ ಸೀಮೋರ್ ಪ್ಯಾಪರ್ಟ್ ಮತ್ತು ಸಂಗಡಿಗರು 1967ರಲ್ಲೇ ಮಕ್ಕಳಿಗಾಗಿ ಲೋಗೋ ಎಂಬ ಕಂಪ್ಯೂಟರ್ ಭಾಷೆ ಮಾಡಿದರು. ಪ್ರೋಗ್ರಾಂ, ಅಂದರೆ ಕಂಪ್ಯೂಟರಿಗೆ ಕೊಡುವ ಸೂಚನೆಗಳ ಸಾಲು, ಒಂದೇ ಸಲಕ್ಕೆ ಸರಿಬರುವುದು ಅಪರೂಪ. ಹಾಗಾಗಿ ಮಗು 'ಸರಿಯಾ ತಪ್ಪಾ' ಅನ್ನುವುದನ್ನು ಬಿಟ್ಟು 'ಎಲ್ಲಿ ಕೈಕೊಟ್ಟಿತು' ಅಂತ ಹುಡುಕಲು ಕಲಿಯುತ್ತದೆ ಅನ್ನುವುದು ಪ್ಯಾಪರ್ಟ್ ವಾದ. ನಮ್ಮ ಮಕ್ಕಳು ಹುಟ್ಟಿದಾಗಿನಿಂದ 'ತಪ್ಪು' ಅನ್ನಿಸಿಕೊಂಡೇ ಬೆಳೆದವರು. ಇದು ಅವರಿಗಲ್ಲದೆ ಇನ್ಯಾರಿಗೆ ಬೇಕು?

ಹಾಗಂತ ಎಲ್ಲ ಗೇಮನ್ನೂ ಹೊಗಳುತ್ತಿಲ್ಲ. ಒಂದು ಮುಟ್ಟಿಗೆ ಹತ್ತು ನಕ್ಷತ್ರ ಉದುರಿಸಿ, ಪೀಪಿ ಊದಿ, ನಡುವೆ ಜಾಹೀರಾತು ತುರುಕುವ ಆಪ್‌ಗಳಿವೆ. ಆಟಿಸಂ ಇರುವ ಒಬ್ಬ ಹುಡುಗಿ ಅಂಥದ್ದನ್ನು ತೆರೆದ ತಕ್ಷಣ ಕಿವಿ ಮುಚ್ಚಿ ಮೇಜಿನ ಕೆಳಗೆ ಕೂತಿದ್ದಳು. ನಮ್ಮ ದೇಶದ ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಲ್ಲೇ 21 ಬಗೆಯ ಅಂಗವೈಕಲ್ಯಗಳ ಪಟ್ಟಿ ಇದೆ. ಅಷ್ಟೂ ಮಕ್ಕಳಿಗೆ ಒಂದೇ ಆಪ್ ಸಾಕು ಅನ್ನುವವರನ್ನು ನಂಬಬೇಡಿ. ಟ್ಯಾಬ್ ಹಾಳಾದರೆ ಯಾರು ಜವಾಬ್ದಾರಿ ಅಂತ ಬೀರುವಿನಲ್ಲಿಟ್ಟು ಬೀಗ ಹಾಕುವವರ ಬಗ್ಗೆ ಬರೆಯಲು ಬೇರೆ ಪೋಸ್ಟೇ ಬೇಕು. 'ಚೆನ್ನೆಮಣೆ ಸಾಕಲ್ವಾ?' ಅಂತ ಸಹೋದ್ಯೋಗಿಯೊಬ್ಬರು ಕೇಳಿದರು. ಒಳ್ಳೆ ಆಟವೇ. ಆದರೆ ಎದುರು ಕೂತವರಿಗೆ ತಾಳ್ಮೆ ಬೇಕು, ಅವರಿಗೂ ಹುಬ್ಬು ಇರುತ್ತದೆ.

ನನ್ನ ನಿಜವಾದ ತಕರಾರು ಬೇರೆ. ಗೇಮ್‌ನಲ್ಲಿ ಬಂದದ್ದು ಬದುಕಿನಲ್ಲೂ ತಾನಾಗಿ ಬರುತ್ತದೆ ಅಂತ ಮಾರುತ್ತಾರಲ್ಲ, ಅದು. ಲ್ಯುಮಾಸಿಟಿ ಎಂಬ 'ಮೆದುಳಿನ ಆಟ'ದ ಕಂಪನಿ ಶಾಲೆಯಲ್ಲೂ ಕೆಲಸದಲ್ಲೂ ಚುರುಕಾಗುತ್ತೀರಿ ಅಂತ ಜಾಹೀರಾತು ಕೊಟ್ಟು, ಕೊನೆಗೆ 2016ರಲ್ಲಿ ಗ್ರಾಹಕರ ಹಿತ ಕಾಯುವ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್‌ಗೆ 20 ಲಕ್ಷ ಡಾಲರ್ ಕಟ್ಟಲು ಒಪ್ಪಬೇಕಾಯಿತು.

ಪುಟ್ಟನ ಮನೆಯಲ್ಲೂ ಅದೇ ಕಂಡೆ. ಮಳೆಗೆ ಮರ ಉಬ್ಬಿ ಹಿಂಬಾಗಿಲು ಗಟ್ಟಿಯಾಗಿ ಹಿಡಿದುಕೊಳ್ಳುತ್ತಿತ್ತು. ಬೆಕ್ಕನ್ನು ಮರ ಮುಟ್ಟಿಸಿದ ಹುಡುಗ ಅದೇ ಬಾಗಿಲನ್ನು ಒಂದೇ ಕಡೆ ನೂಕಿ ನೂಕಿ, ಕೊನೆಗೆ ಅಲ್ಲೇ ಕೂತು ಅಳುತ್ತಿದ್ದ. ಅಂಕಿ ಬದಲಿಸಿದ ಹಾಗೆ ಇಲ್ಲೂ ಏನಾದರೂ ಬದಲಿಸಬಹುದು ಅನ್ನುವುದು ಅವನಿಗೆ ಹೊಳೆಯಲೇ ಇಲ್ಲ. ಹೊಳೆಯುವುದಾದರೂ ಹೇಗೆ? ಬಾಗಿಲಲ್ಲಿ ನೀಲಿ ತುಂಡು ಇಲ್ಲವಲ್ಲ.

ಸೀಮೆಸುಣ್ಣ ತಗೊಂಡು ಬಾಗಿಲ ಮೇಲೆ ಎರಡು ಚೌಕ ಬರೆದೆ. ಮೊದಲನೆಯದರಲ್ಲಿ ಮೇಲಕ್ಕೆ ಬಾಣ, ಎರಡನೆಯದರಲ್ಲಿ ಮುಂದಕ್ಕೆ. ಚಿಲಕ ಹಿಡಿದು ಎತ್ತು, ಆಮೇಲೆ ನೂಕು. ಅವನ ಅಮ್ಮ ಒಲೆ ಮುಂದಿಂದ ನಕ್ಕರು: "ಟೀಚರೇ, ಬಾಗಿಲಿಗೂ ಬೆಕ್ಕಿನ ಪಾಠವಾ?" ಮೂರು ದಿನ ಏನೂ ಆಗಲಿಲ್ಲ. ನಾಲ್ಕನೇ ದಿನ ಅವನೇ ಮೊದಲ ಬಾಣದ ಮೇಲೆ ಬೆರಳಿಟ್ಟು ಒತ್ತಿದ, ಟ್ಯಾಬ್ ಒತ್ತುವ ಹಾಗೇ. ಒಂದು ಗಳಿಗೆ ಕಾದ. ಬಾಗಿಲು ಅಲುಗಲಿಲ್ಲ. ಆಗ ಚಿಲಕ ಹಿಡಿದು ಎತ್ತಿದ.

ಕಳೆದ ವಾರ ಆಚಾರಿ ಬಂದು ಬಾಗಿಲಿನ ಅಂಚು ಕೆತ್ತಿ ಹೋಗಿದ್ದಾರೆ. ಈಗ ಕಿರುಬೆರಳಲ್ಲಿ ನೂಕಿದರೂ ತೆರೆದುಕೊಳ್ಳುತ್ತದೆ. ಪುಟ್ಟ ಮಾತ್ರ ಇನ್ನೂ ಎತ್ತಿಯೇ ನೂಕುತ್ತಾನೆ, ಒಂದೊಂದು ಸಲ ಮುಗ್ಗರಿಸುತ್ತಾನೆ. ನಾಳೆ ಹೋದಾಗ ಒಂದು ಬಾಣ ಒರೆಸಿ ನೋಡಬೇಕು.