ಭವಿಷ್ಯತ್ಕಾಲ, ಕರ್ಮಣಿ ಪ್ರಯೋಗ

ಬಳ್ಳಾರಿಯ ಹೊರವಲಯದಲ್ಲಿ, ಮೋಕಾ ರಸ್ತೆಯ ಕಡೆಗೆ ಮೈಚಾಚಿಕೊಂಡು ಬೆಳೆಯುತ್ತಿರುವ ನಮ್ಮ ಬಡಾವಣೆ ಇನ್ನು ಇಪ್ಪತ್ತು ವರ್ಷಗಳಲ್ಲಿ ಏನಾಗಬೇಕು ಎಂಬುದನ್ನು ತೋರಿಸುವ ಭೂಬಳಕೆ ನಕ್ಷೆಯನ್ನು ಸಾರ್ವಜನಿಕರ ಅವಗಾಹನೆಗಾಗಿ ತೂಗುಹಾಕಲಾಗಿದೆ ಎಂಬ ಪ್ರಕಟಣೆಯನ್ನು ಪತ್ರಿಕೆಯ ಮೂಲೆಯೊಂದರಲ್ಲಿ ಓದಿ, ಅವಧಿ ಮುಗಿಯಲು ನಾಲ್ಕು ದಿನ ಇರುವಾಗ ನಾನು ಸಂಬಂಧಪಟ್ಟ ಕಚೇರಿಗೆ ಹೋದೆ. ನಕ್ಷೆ ನಿಜಕ್ಕೂ ಇತ್ತು. ಅದರ ಮುಂದೆ ಕುಡಿಯುವ ನೀರಿನ ಇಪ್ಪತ್ತು ಲೀಟರಿನ ಕ್ಯಾನುಗಳನ್ನು ಎದೆಯೆತ್ತರಕ್ಕೆ ಪೇರಿಸಿದ್ದರಿಂದ ಊರಿನ ಅರ್ಧ ಭಾಗ ಮಾತ್ರ ಕಾಣುತ್ತಿತ್ತು. ಜವಾನ ಬಹಳ ಸೌಜನ್ಯದಿಂದ, "ನಿಮ್ದು ಯಾವ ಕಡಿ ಬರ್ತೈತಿ ಸಾರ್? ಆ ಕಡಿ ಕ್ಯಾನ್ ಅಷ್ಟೇ ತೆಗೀತೀನಿ" ಎಂದ. ಆರು ಕ್ಯಾನುಗಳನ್ನು ಸರಿಸಿದ ಮೇಲೆ ನಮ್ಮ ಬಡಾವಣೆ ಹೊರಬಂತು.

ಇಂಥ ನಕ್ಷೆಗಳಲ್ಲಿ ಹಳದಿ ಎಂದರೆ ವಸತಿ, ನೀಲಿ ಎಂದರೆ ವಾಣಿಜ್ಯ, ನೇರಳೆ ಎಂದರೆ ಕೈಗಾರಿಕೆ, ಕೆಂಪು ಎಂದರೆ ಶಾಲೆ, ಆಸ್ಪತ್ರೆ, ಕಚೇರಿ ಮುಂತಾದವು. ಹನ್ನೊಂದು ವರ್ಷಗಳಿಂದ ನಾನು ಉಂಡು ಮಲಗುತ್ತಿರುವ ಮನೆ, ಅಕ್ಕಪಕ್ಕದ ನಲವತ್ತು ಮನೆಗಳು, ಒಂದು ಕಿರಾಣಿ ಅಂಗಡಿ ಮತ್ತು ಒಂದು ಹಿಟ್ಟಿನ ಗಿರಣಿಯ ಸಮೇತ, ಕಣ್ಣಿಗೆ ತಂಪೆನಿಸುವ ಹಸಿರು ಬಣ್ಣದಲ್ಲಿತ್ತು. ಹಸಿರು ಎಂದರೆ ಉದ್ಯಾನ. ನಮ್ಮ ಓಣಿಯಲ್ಲಿ ವಾಸ್ತವವಾಗಿ ಇರುವ ಹಸಿರು ಬಳ್ಳಾರಿ ಜಾಲಿ ಮಾತ್ರ. ನಮ್ಮೂರಿನ ಹೆಸರನ್ನು ನಾಡಿನ ತುಂಬ ಹಬ್ಬಿಸಿದ ಈ ಗಿಡ ಯಾವ ಕಚೇರಿಯ ಅನುಮತಿಗೂ ಕಾಯದೆ, ಯಾವ ವಲಯಕ್ಕೂ ಸೇರದೆ, ಎಲ್ಲ ವಲಯಗಳಲ್ಲೂ ಸಮಾನವಾಗಿ ಬೆಳೆಯುತ್ತದೆ.

ಕಾನೂನಿನ ಕೊರತೆ ನಮಗಿಲ್ಲ ಎಂಬುದನ್ನು ಇಲ್ಲಿ ದಾಖಲಿಸಬೇಕು. 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಇದೆ. ಇಂಥ ನಕ್ಷೆಗಳಿರುವ ಮಹಾಯೋಜನೆಯನ್ನು, ಅಂದರೆ ಮಾಸ್ಟರ್ ಪ್ಲ್ಯಾನನ್ನು, ಹತ್ತು ವರ್ಷಕ್ಕೊಮ್ಮೆಯಾದರೂ ಪರಿಷ್ಕರಿಸಬೇಕು ಎಂದೂ, ಕರಡನ್ನು ಪ್ರಕಟಿಸಿ 60 ದಿನಗಳೊಳಗೆ ಸಾರ್ವಜನಿಕರ ಆಕ್ಷೇಪಣೆ ಕೇಳಬೇಕು ಎಂದೂ ಅದರಲ್ಲಿದೆ. ಆದರೆ ಹತ್ತು ವರ್ಷ ಎಂಬುದು ಕಾಯ್ದೆಗೆ ಒಂದು ಅವಧಿಯಾದರೆ, ಪ್ಲಾಟು ಹಾಕುವವರಿಗೆ ಅದು ಮೂರು ಬಡಾವಣೆಗಳನ್ನು ಮಾರಿ ಮುಗಿಸಿ ನಾಲ್ಕನೆಯದಕ್ಕೆ ಕಮಾನು ಕಟ್ಟಿಸುವಷ್ಟು ಕಾಲ. ಯೋಜನೆಯ ಕರಡು ಮೇಜಿನಿಂದ ಮೇಜಿಗೆ ಹೋಗುವಷ್ಟರಲ್ಲಿ ಮೆಣಸಿನಕಾಯಿ ಹೊಲದಲ್ಲಿ ಬಣ್ಣ ಬಳಿದ ಕಲ್ಲುಗಳು ನಿಂತಿರುತ್ತವೆ, ಬಾವುಟಗಳು ಹಾರಾಡುತ್ತಿರುತ್ತವೆ, ಎರಡು ಸಿಮೆಂಟಿನ ಸಿಂಹಗಳು ಹೆಬ್ಬಾಗಿಲು ಕಾಯುತ್ತಿರುತ್ತವೆ. ಚಾಗನೂರು, ಸಿರಿವಾರದ ಬಳಿ ವಿಮಾನ ನಿಲ್ದಾಣಕ್ಕೆಂದು ಜಮೀನು ಗುರುತಿಸಿ ದಶಕಕ್ಕೂ ಹೆಚ್ಚು ಕಾಲವಾಯಿತು. ಅಲ್ಲಿ ಇದುವರೆಗೆ ಒಂದು ವಿಮಾನವೂ ಇಳಿದಿಲ್ಲವಾದರೂ, "ವಿಮಾನ ನಿಲ್ದಾಣಕ್ಕೆ ಹತ್ತೇ ನಿಮಿಷ" ಎಂಬ ಬರಹವನ್ನು ನಂಬಿ ಸೈಟು ಕೊಂಡವರಲ್ಲಿ ಇಬ್ಬರು, ತಮ್ಮ ಮಕ್ಕಳ ಮದುವೆಗೆಂದು ಅದನ್ನು ಮಾರಿಯೂ ಆಗಿದೆ.

ಹೀಗಾಗಿ ಮುನ್ನೋಟದ ಯೋಜನೆ ಎನ್ನುವುದು ನಮ್ಮಲ್ಲಿ ಇತಿಹಾಸ ಬರವಣಿಗೆಯ ಒಂದು ಪ್ರಕಾರವಾಗಿದೆ. ಜನಸಂಖ್ಯೆಯ ಅಂದಾಜನ್ನೇ ನೋಡಿ. ಯಾವ ಯೋಜನೆಗಾದರೂ ಮೊದಲು ಎಷ್ಟು ಜನರಿದ್ದಾರೆ ಎಂದು ಗೊತ್ತಿರಬೇಕು. ನಮ್ಮ ಕೈಯಲ್ಲಿರುವ ಕೊನೆಯ ಜನಗಣತಿ 2011ರದ್ದು. ಆಗಲೇ ಬಳ್ಳಾರಿ ನಗರದ ಜನಸಂಖ್ಯೆ 4 ಲಕ್ಷ ದಾಟಿತ್ತು. 2021ರ ಗಣತಿ ನಡೆಯಲೇ ಇಲ್ಲ. ಆದ್ದರಿಂದ ಅಂದು ಒಂದನೇ ತರಗತಿಯಲ್ಲಿದ್ದ ಹುಡುಗನನ್ನು ಆಧಾರವಾಗಿಟ್ಟುಕೊಂಡು, ಅವನ ಮಕ್ಕಳಿಗೆ ಎಷ್ಟು ಶಾಲೆ ಬೇಕಾದೀತು ಎಂದು ಲೆಕ್ಕ ಹಾಕಲಾಗುತ್ತದೆ. ಆ ಹುಡುಗ ಈಗ ಬೆಂಗಳೂರಿಗೆ ಹೋಗಿದ್ದಾನೆ ಎಂಬುದು ಬೇರೆ ಮಾತು.

ನಕ್ಷೆಯ ಜೊತೆಗೆ ದಾರ ಕಟ್ಟಿ ನೇತುಹಾಕಿದ್ದ ವರದಿಯನ್ನು ನಾನು ನಿಂತುಕೊಂಡೇ ಓದಿದೆ. ಮೂವತ್ತು ವರ್ಷ ಮಕ್ಕಳಿಗೆ ಕನ್ನಡ ವ್ಯಾಕರಣ ಹೇಳಿಕೊಟ್ಟವನಾದ್ದರಿಂದ ನನ್ನ ಗಮನ ಮೊದಲು ಹೋದದ್ದು ಕ್ರಿಯಾಪದಗಳ ಕಡೆಗೆ. ರಸ್ತೆಗಳನ್ನು ಅಗಲಗೊಳಿಸಲಾಗುವುದು. ಒಳಚರಂಡಿಯನ್ನು ವಿಸ್ತರಿಸಲಾಗುವುದು. ಹಳ್ಳದ ದಂಡೆಯನ್ನು ಸಂರಕ್ಷಿಸಲಾಗುವುದು. ಕರ್ತರಿ ಪ್ರಯೋಗದ ಒಂದೇ ಒಂದು ವಾಕ್ಯವನ್ನಾದರೂ ಹುಡುಕೋಣವೆಂದು ಹಾಳೆ ಮಗುಚುತ್ತಾ ಹೋದೆ. ಕೊನೆಯ ಪುಟದಲ್ಲಿ, "ಈ ನಕ್ಷೆಯಲ್ಲಿನ ದೋಷಗಳಿಗೆ ಕಚೇರಿಯು ಹೊಣೆಯಲ್ಲ" ಎಂಬಲ್ಲಿ ಮಾತ್ರ ಕಚೇರಿ ಧೈರ್ಯವಾಗಿ ಮುಂದೆ ಬಂದು ನಿಂತಿತ್ತು.

ಸಂರಕ್ಷಿಸಲಾಗುವ ಆ ಹಳ್ಳದ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗಲಾರೆ. ನಕ್ಷೆಯಲ್ಲಿ ಅದು ತೆಳುವಾದ ನೀಲಿ ಗೆರೆ. ನೆಲದ ಮೇಲೆ ಅದು ನಮ್ಮ ಮೂರನೇ ಅಡ್ಡರಸ್ತೆ. ವರ್ಷದಲ್ಲಿ ಹತ್ತು ತಿಂಗಳು ಅದು ರಸ್ತೆಯಾಗಿ ನಿಷ್ಠೆಯಿಂದ ಕೆಲಸ ಮಾಡುತ್ತದೆ. ಉಳಿದೆರಡು ತಿಂಗಳಲ್ಲಿ, ರಾತ್ರಿ ಒಂದು ಜೋರು ಮಳೆಯಾದರೆ ತನ್ನ ಹಳೆಯ ಉದ್ಯೋಗ ನೆನಪಾಗಿ, ಬೆಳಗಾಗುವಷ್ಟರಲ್ಲಿ ಬೈಕುಗಳನ್ನು ಒಂದು ಮೂಲೆಗೆ ಒಟ್ಟುಮಾಡಿಟ್ಟಿರುತ್ತದೆ. ಪಕ್ಕದ ಹೊಲದ ತಾತ ಮಾತ್ರ ಇದರಿಂದ ವಿಚಲಿತನಾಗುವುದಿಲ್ಲ. "ಹಳ್ಳಕ್ಕೇನು ಗೊತ್ತೈತಿ ಮೇಷ್ಟ್ರೇ, ಅದಕ್ಕೆ ನಿಮ್ಮ ರಿಜಿಸ್ಟ್ರಿ ತೋರಿಸಿದಿರೇನು?" ಎಂದು ಕೇಳುತ್ತಾನೆ. ಉಳಿದ ರಸ್ತೆಗಳ ಸಂಗತಿ ಇನ್ನೂ ಸ್ವಾರಸ್ಯಕರವಾದದ್ದು. ನಮ್ಮ ಮುಖ್ಯರಸ್ತೆ ಕಾರಣವಿಲ್ಲದೆ ಎರಡು ಕಡೆ ಸೊಟ್ಟಗಾಗುತ್ತದೆ. ಹಳೆಯ ಗ್ರಾಮನಕಾಶೆ ತೆಗೆದು ನೋಡಿದರೆ ಅಲ್ಲಿ ಬಂಡಿದಾರಿಯೂ ಹಾಗೆಯೇ ಸೊಟ್ಟಗಾಗಿದೆ. ಅಂದರೆ ಯಾವುದೋ ಕಾಲದಲ್ಲಿ ಕೆಸರು ತಪ್ಪಿಸಲು ಎಡಕ್ಕೆ ಹೊರಳಿದ ಒಂದು ಜೋಡಿ ಎತ್ತುಗಳೇ ನಮ್ಮ ಬಡಾವಣೆಯ ಮೂಲ ಯೋಜಕರು. ಅವು ಹಾಕಿಕೊಟ್ಟ ದಾರಿಯಲ್ಲಿ ನಾವೀಗ ಡಾಂಬರು ಹಾಕಿ ಕಾರು ಓಡಿಸುತ್ತಿದ್ದೇವೆ. ಕನಿಷ್ಠ ಆ ಎತ್ತುಗಳು ಸ್ಥಳಕ್ಕೆ ಖುದ್ದಾಗಿ ಭೇಟಿ ನೀಡಿದ್ದವು.

ತುಂಗಭದ್ರೆಯ ಕಾಲುವೆ ನೀರು ಹರಿಯುವ ನೆಲವನ್ನು ನಮ್ಮ ಕಡೆ ಅಚ್ಚುಕಟ್ಟು ಎನ್ನುತ್ತಾರೆ. 1953ರಲ್ಲಿ ಅಣೆಕಟ್ಟೆಗೆ ನೀರು ನಿಲ್ಲಿಸಿ, ಮೈಲುಗಟ್ಟಲೆ ಕಾಲುವೆ ತೋಡಿ, ಬಂಜರು ಬಯಲಿಗೆ ನೀರುಣಿಸಿ ಭತ್ತ ಬೆಳೆಸಿದ ಅಚ್ಚುಕಟ್ಟಿನ ಮೇಲೆಯೇ ಈಗ "ಅಚ್ಚುಕಟ್ಟಾದ ಬಡಾವಣೆ" ಎಂದು ಬರೆಸಿ ಕರಪತ್ರ ಹಂಚುವುದು ಕನ್ನಡ ಭಾಷೆಗೆ ಸಂದ ಶ್ಲೇಷೆಯೋ ಅವಮಾನವೋ ನನಗೆ ತಿಳಿಯದು. ಹೊಲಗಾಲುವೆ ಈಗಲೂ ನಮ್ಮ ಓಣಿಯ ಹಿಂದೆ ಇದೆ. ಅದರಲ್ಲಿ ಬಚ್ಚಲ ನೀರು ಹರಿಯುತ್ತದೆ. ಇನ್ನು ಎರೆ ಮಣ್ಣು. ಮಳೆಗೆ ಉಬ್ಬಿ ಬೇಸಿಗೆಗೆ ಬಾಯಿಬಿಡುವ ಈ ಕಪ್ಪು ನೆಲದಲ್ಲಿ ಗರಸು ಸಿಗುವವರೆಗೆ ಪಾಯ ತೋಡದಿದ್ದರೆ ಗೋಡೆಯೂ ಅದರ ಜೊತೆಗೆ ಬಾಯಿಬಿಡುತ್ತದೆ. ಇದು ಇಲ್ಲಿನ ಪ್ರತಿ ಗೌಂಡಿಗೂ ಗೊತ್ತು. ಆದರೆ ನಕ್ಷೆಯಲ್ಲಿ ಐದಾರು ಬಣ್ಣಗಳಿದ್ದರೂ ಮಣ್ಣಿನ ಬಣ್ಣವೊಂದು ಇರಲಿಲ್ಲ.

ನಾನೂ ಸಾಚಾ ಅಲ್ಲ. ನಾನು ಕೊಂಡದ್ದು ರೆವಿನ್ಯೂ ಸೈಟು, ಅಂದರೆ ಅನುಮೋದನೆಯಿಲ್ಲದೆ ಹೊಲವನ್ನು ತುಂಡು ಮಾಡಿ ಮಾರಿದ ನಿವೇಶನ. ನಾಲ್ಕು ಸೆಂಟ್ಸಿಗೆ ಕಡಿಮೆ ದರ ಹೇಳಿದಾಗ ನಾನು ವಲಯ ಯಾವುದೆಂದು ಕೇಳಲಿಲ್ಲ, ಮೂಲೆ ಸೈಟು ಉಳಿದಿದೆಯೇ ಎಂದು ಕೇಳಿದೆ. ಸರ್ಕಾರವೂ ನನ್ನನ್ನು ಕೈಬಿಟ್ಟಿಲ್ಲ. ಕರ ಕಟ್ಟಿಸಿಕೊಳ್ಳುತ್ತದೆ, ವಿದ್ಯುತ್ ಮೀಟರು ಕೊಟ್ಟಿದೆ. ಅಕ್ರಮವನ್ನು ಸಕ್ರಮ ಮಾಡುವ ಯೋಜನೆಗೆ 2017ರಲ್ಲಿ ಸುಪ್ರೀಂ ಕೋರ್ಟಿನ ತಡೆಯಾಜ್ಞೆ ಬಿದ್ದಮೇಲೆ, 2025ರಲ್ಲಿ ನಗರ ಸ್ಥಳೀಯ ಸಂಸ್ಥೆಗಳು, ಅನುಮೋದನೆಯಿಲ್ಲದ ಆಸ್ತಿಗಳನ್ನೂ ತೆರಿಗೆ ಲೆಕ್ಕಕ್ಕೆ ತರುವ ಬಿ-ಖಾತಾ ಅಭಿಯಾನ ನಡೆಸಿದವು. ಅದರಲ್ಲಿ ನನಗೂ ಒಂದು ಬಿ-ಖಾತಾ ದಕ್ಕಿತು. ಅಕ್ರಮವೂ ಅಲ್ಲದ, ಸಕ್ರಮವೂ ಅಲ್ಲದ ಸ್ಥಿತಿಗೆ ಕನ್ನಡದಲ್ಲಿ ಪದವಿಲ್ಲದ್ದರಿಂದ ಇಂಗ್ಲಿಷ್ ಅಕ್ಷರಮಾಲೆಯ ಎರಡನೆಯ ಅಕ್ಷರವನ್ನು ಸಾಲ ತಂದಿರಬೇಕು.

ಇಷ್ಟೆಲ್ಲ ದಾಖಲೆಗಳ ನಕಲು ಲಗತ್ತಿಸಿ, ಉದ್ಯಾನದ ಜಾಗದಲ್ಲಿ ನಲವತ್ತೊಂದು ಮನೆಗಳಿವೆ ಎಂದು ಆಕ್ಷೇಪಣೆ ಬರೆದುಕೊಟ್ಟು ಸ್ವೀಕೃತಿ ಪಡೆದು ಬಂದೆ. ನಾನು ಮೆಟ್ಟಿಲಿಳಿಯುವಷ್ಟರಲ್ಲಿ ಜವಾನ ಕ್ಯಾನುಗಳನ್ನು ಮೊದಲಿನ ಜಾಗಕ್ಕೆ ಸೇರಿಸಿದ್ದ.

ಎಂಟು ತಿಂಗಳ ನಂತರ, ಒಂದು ಮಧ್ಯಾಹ್ನ, ಉತ್ತರ ಬಂತು. ನನ್ನ ಆಕ್ಷೇಪಣೆಯನ್ನು ನಕ್ಷೆಯೊಂದಿಗೆ ಕೂಲಂಕಷವಾಗಿ ತಾಳೆ ನೋಡಲಾಗಿದ್ದು, ಸದರಿ ಸ್ಥಳದಲ್ಲಿ ಯಾವುದೇ ವಾಸದ ಮನೆಗಳು ಕಂಡುಬಂದಿರುವುದಿಲ್ಲವೆಂದು ಅದರಲ್ಲಿ ತಿಳಿಸಲಾಗಿತ್ತು. ಸ್ಪೀಡ್ ಪೋಸ್ಟ್ ಆದ್ದರಿಂದ ಅಂಚೆಯಣ್ಣ ನಮ್ಮ ಬಾಗಿಲಲ್ಲಿ ನಿಂತು, ಲಕೋಟೆಯ ಮೇಲಿನ ಮನೆ ನಂಬರನ್ನು ಗೋಡೆಯ ಮೇಲಿನ ನಂಬರಿಗೆ ಎರಡು ಸಲ ಹೋಲಿಸಿ ನೋಡಿ, ನನ್ನಿಂದ ಸಹಿ ಹಾಕಿಸಿಕೊಂಡು ಹೋದ.