ಮೂವತ್ತನಾಲ್ಕು ನಿಮಿಷದ ಬೆಂಗಳೂರು

ಬೆಂಗಳೂರಿನ ಬನಶಂಕರಿಯಲ್ಲಿ ತಂಗಿಯ ಮನೆ ಗೃಹಪ್ರವೇಶ. ರಾಯಚೂರಿನವರು ನಾವು, ರಾತ್ರಿ ರೈಲು ಹತ್ತಿ ಮಲಗಿದರೆ ಬೆಳಿಗ್ಗೆ ಅಲ್ಲಿ ಇಳಿಯುವುದು ರೂಢಿ. ಈ ಸಲ ನನಗೆ ವಿಮಾನದ ಹುಚ್ಚು ಹಿಡಿಯಿತು.

ಮೊಬೈಲಿನಲ್ಲಿ ನೋಡಿದೆ. ಹೈದರಾಬಾದಿನ ಶಂಷಾಬಾದ್ ನಿಲ್ದಾಣದಿಂದ ದೇವನಹಳ್ಳಿಗೆ ನೇರ ಗೆರೆ ಎಳೆದರೆ ಸುಮಾರು 455 ಕಿ.ಮೀ. ಜೆಟ್ ವಿಮಾನ ಗಂಟೆಗೆ 800 ಕಿ.ಮೀ. ಓಡುತ್ತದೆ. ಭಾಗಿಸಿದೆ. 34 ನಿಮಿಷ!

"ಮಾವ, ನೀವು ರಾತ್ರಿಯಿಡೀ ರೈಲಿನಲ್ಲಿ ಕುಲುಕಾಡ್ತಾ ಹೋಗ್ರಿ. ನಾ ಬೆಳಿಗ್ಗೆ ಹೊರಟು ನಾಷ್ಟಾಕ್ಕೆ ಬರ್ತೀನಿ" ಅಂದೆ. ಸೋದರಮಾವ ಮಾತಾಡಲಿಲ್ಲ. ರೊಟ್ಟಿ ಬುತ್ತಿ ಕಟ್ಟಿಸಿಕೊಂಡು ಸ್ಟೇಷನ್ನಿಗೆ ಹೋದರು.

ಮಗನ ಪರೀಕ್ಷೆ ಅಂತ ಹೆಂಡತಿ ಊರಲ್ಲೇ ಉಳಿದಳು. ತನ್ನ ಬದಲು 25 ಕೆ.ಜಿ. ಸೋನಾಮಸೂರಿ ಚೀಲವನ್ನು ಜೊತೆಗೆ ಕಳಿಸಿದಳು. ಬೆಳಗಿನ ಜಾವ ನಾಲ್ಕಕ್ಕೆ ಬಾಡಿಗೆ ಕಾರು ಹೊರಟಿತು. ಶಕ್ತಿನಗರದ ಹತ್ತಿರ ಕೃಷ್ಣಾ ಸೇತುವೆ ದಾಟುವಾಗ ಒಂದು ವಿಷಯ ತಲೆಗೆ ಹೊಳೆಯಿತು. ಬೆಂಗಳೂರು ಇರುವುದು ದಕ್ಷಿಣಕ್ಕೆ. ನಾನು ಹೋಗುತ್ತಿರುವುದು ಈಶಾನ್ಯಕ್ಕೆ! ಮಖ್ತಲ್‌ನಲ್ಲಿ ಚಹಾ ಕುಡಿದು ಅದನ್ನು ಮರೆತೆ.

ಶಂಷಾಬಾದ್ ಮುಟ್ಟಿದಾಗ ಎಂಟು ದಾಟಿತ್ತು. ಕೌಂಟರಿನ ಹುಡುಗಿ ಚೀಲ ತೂಗಿದಳು. 15 ಕೆ.ಜಿ. ಮಾತ್ರ ಪುಕ್ಕಟೆಯಂತೆ. ಉಳಿದದ್ದಕ್ಕೆ ಹೇಳಿದ ದರ ಕೇಳಿ, ಅಕ್ಕಿಯೋ ಗೋಡಂಬಿಯೋ ಅಂತ ನನಗೇ ಅನುಮಾನ ಬಂತು. ಹೊರಗೆ ಚಹಾ ಕುಡಿಯುತ್ತಿದ್ದ ಡ್ರೈವರಿಗೆ ಫೋನ್ ಮಾಡಿ ಚೀಲವನ್ನು ಕಾರಿಗೆ ವಾಪಸ್ ಹಾಕಿಸಿದೆ.

ಆಮೇಲೆ ಕಾಯುವುದೇ ಕೆಲಸ. ಅಷ್ಟರಲ್ಲಿ ಮಾವನ ಫೋನ್. "ಎಲ್ಲಿದ್ದೀಯೋ ತಮ್ಮಾ? ನಮ್ದು ಸ್ನಾನ, ನಾಷ್ಟಾ ಎಲ್ಲಾ ಆತು."

"ಇನ್ನ ಹತ್ತಿಲ್ಲ ಮಾವ."

ಟಿಕೆಟ್ಟಿನಲ್ಲಿ 34 ನಿಮಿಷ ಅಂತ ಎಲ್ಲೂ ಇರಲಿಲ್ಲ. ಒಂದು ಗಂಟೆ ಹತ್ತು ನಿಮಿಷ ಅಂತಿತ್ತು. ನಾನು ಅದನ್ನು ಅಚ್ಚಿನ ತಪ್ಪು ಅಂದುಕೊಂಡಿದ್ದೆ! ವಿಮಾನ ಏರಿದ ಮೇಲೆ ಗೊತ್ತಾಯಿತು. ನಿಂತ ಜಾಗ ಬಿಟ್ಟ ಕ್ಷಣದಿಂದ ಆ ಕಡೆ ಹೋಗಿ ನಿಲ್ಲುವ ತನಕ ಎಲ್ಲಾ ಲೆಕ್ಕಕ್ಕೆ ಬರುತ್ತದೆ. ರನ್‌ವೇ ತನಕ ಅದು ಎತ್ತಿನ ಗಾಡಿಯಂತೆ ಹೋಯಿತು. ಸಾಲಿನಲ್ಲಿ ನಿಂತಿತು. ಮೇಲೇರುವಾಗ, ಕೆಳಗಿಳಿಯುವಾಗ ಆ 800ರ ವೇಗವೂ ಇರುವುದಿಲ್ಲ. ಪಾಪ, ಆ ವೇಗ ನೋಡುವ ಭಾಗ್ಯ ಅದಕ್ಕೆ ನಡುವೆ ಒಂದಿಷ್ಟು ಹೊತ್ತು ಅಷ್ಟೇ. ಕಿಟಕಿಯಲ್ಲಿ ಮತ್ತೆ ಕೃಷ್ಣೆ ಕಂಡಳು. ಬೆಳಗಿನಿಂದ ಅವಳನ್ನು ದಾಟಿದ್ದು ಎರಡನೇ ಸಲ. ಒಂದು ಸಲವೂ ದಾಟದೆ ಮಾವ ಬೆಂಗಳೂರು ಸೇರಿದ್ದರು.

ದೇವನಹಳ್ಳಿಯಲ್ಲಿ ಇಳಿದಾಗ ಹನ್ನೊಂದು. ಆಚೆ ಬಂದು ಟ್ಯಾಕ್ಸಿ ಹಿಡಿದೆ. ಹೆಬ್ಬಾಳದ ಹತ್ತಿರ ಅದು ನಿಂತಿದ್ದು ನಿಂತೇ ಬಿಟ್ಟಿತು. ಮುಂದೆ ಲಾರಿ, ಪಕ್ಕದಲ್ಲಿ ಬಸ್ಸು. ಮಾವ ಮತ್ತೆ ಫೋನ್ ಮಾಡಿದರು. "ಊಟಕ್ಕ ಎಲಿ ಹಾಕ್ಯಾರ. ಹೋಳಿಗಿ ತೆಗೆದಿಡಲೇನು?" ನಾನು ವಿಮಾನದ ವೇಗ, ಇಳಿಯುವ ಸಮಯ ಅಂತ ವಿವರಿಸಲು ಹೋದೆ. "ಹೋಳಿಗಿ ಎಷ್ಟು ತೆಗೆದಿಡ್ಲಿ ಅದು ಹೇಳು" ಅಂದರು.

ಫೋನ್ ಇಟ್ಟೆ. ಮರುಕ್ಷಣ ಹೆಂಡತಿಯ ಕರೆ.

"ರೀ, ಅಕ್ಕಿ ಚೀಲ ಮನಿ ಮುಟ್ತು. ನೀವು ಮುಟ್ಟಿದ್ರೇನು?"