ತಿಳಿಸಾರಿನಂಥ ಗಿಟಾರು

ಗಿಟಾರಿನ ಸದ್ದನ್ನು ಬೇಕಂತಲೇ ಒರಟು ಮಾಡುವ ಡಿಸ್ಟಾರ್ಷನ್ ಅಂದರೆ ಮಸ್ಸೊಪ್ಪು. ಮಸೆದುಬಿಟ್ಟ ಮೇಲೆ ಯಾವ ಸೊಪ್ಪು ಬಾಡಿತ್ತು ಅಂತ ಯಾರಿಗೂ ಗೊತ್ತಾಗಲ್ಲ. ಆ ಒರಟಿಲ್ಲದ ಕ್ಲೀನ್ ಟೋನ್ ತಿಳಿಸಾರು. ಒಂದು ಹರಳು ಉಪ್ಪು ಹೆಚ್ಚಾದರೂ ಊಟಕ್ಕೆ ಕೂತವರ ಮುಖ ಹೇಳಿಬಿಡುತ್ತೆ.

ಡೈರ್ ಸ್ಟ್ರೇಟ್ಸ್ ತಂಡದ 1978ರ ‘ಸುಲ್ತಾನ್ಸ್ ಆಫ್ ಸ್ವಿಂಗ್’ ಕೇಳಿ ಅದೇ ನಾದ ಬೇಕು ಅಂತ ಹೊರಟವರು ಮೊದಲು ಮಾಡುವ ಕೆಲಸ ಸದ್ದು ಬದಲಿಸುವ ಡಬ್ಬಿ, ಅಂದರೆ ಪೆಡಲ್, ಆರ್ಡರ್ ಮಾಡುವುದು. ಪೆಡಲ್ ತುಮಕೂರಿಗೆ ಬಂದು ಮುಟ್ಟುವುದರೊಳಗೆ ತಂತಿ ಮೀಟಲು ಕೈಲಿರುವ ಪಿಕ್ ಕೆಳಗಿಟ್ಟರೆ ಅರ್ಧ ಕೆಲಸ ಮುಗಿಯಿತು. ಆ ತಂಡದ ಗಿಟಾರಿಸ್ಟ್ ಮಾರ್ಕ್ ನಾಫ್ಲರ್ ನುಡಿಸಿದ್ದು ಬರಿ ಬೆರಳಲ್ಲಿ: ಹೆಬ್ಬೆರಳು, ತೋರುಬೆರಳು, ಮಧ್ಯದ ಬೆರಳು. ಎಳೆದು ಬಿಟ್ಟ ತಂತಿ ಗಿಟಾರಿನ ಕತ್ತಿನ ಮೇಲಿನ ಲೋಹದ ಪಟ್ಟಿಗೆ, ಅಂದರೆ ಫ್ರೆಟ್‌ಗೆ ಬಡಿದು ‘ಟಕ್’ ಅನ್ನುತ್ತಲ್ಲ, ಅದು ಯಾವ ಡಬ್ಬಿಯಲ್ಲೂ ಸಿಗಲ್ಲ. ಬರಿ ಬೆರಳು ಅಂದಮೇಲೆ ಇನ್ನೊಂದು ಮಾತು. ಕ್ಯಾತಸಂದ್ರದಲ್ಲಿ ಬೆಣ್ಣೆ ಹಾಕಿದ ತಟ್ಟೆ ಇಡ್ಲಿ ತಿಂದು ಕೈ ಬರೀ ಪೇಪರಿಗೆ ಒರೆಸಿ ಬಂದರೆ, ಆ ಜಿಡ್ಡೆಲ್ಲ ದಪ್ಪ ತಂತಿಗಳ ಸುತ್ತಿನ ಸಂದಿಗೆ ಇಳಿದು ಹೊಳಪಿನ ಸದ್ದು ಸತ್ತೇ ಹೋಗುತ್ತೆ. ಚೂಪು ಸದ್ದಿನ ಟ್ರೆಬಲ್ ಗುಬುಟು ಎಷ್ಟು ತಿರುಗಿಸಿದರೂ ಬೆಣ್ಣೆ ಕರಗಲ್ಲ.

ಸ್ಟ್ರಾಟೊಕಾಸ್ಟರ್ ಮಾದರಿಯ ಗಿಟಾರಾದರೆ ಬ್ರಿಡ್ಜ್ (ತಂತಿ ಕಟ್ಟಿದ ತುದಿ) ಪಕ್ಕದ ಮತ್ತು ನಡುವಿನ ಪಿಕಪ್, ಅಂದರೆ ತಂತಿಯ ಕಂಪನ ಹಿಡಿಯುವ ಅಯಸ್ಕಾಂತದ ಸುರುಳಿ, ಎರಡೂ ಸೇರುವ ಕಡೆ ಸ್ವಿಚ್ ಇಡಿ. 1954ರಲ್ಲಿ ಬಂದ ಈ ಗಿಟಾರಿನ ಸ್ವಿಚ್ಚಿಗೆ ಮೂರೇ ಸ್ಥಾನ. ನುಡಿಸುವವರು ಸ್ವಿಚ್ಚನ್ನು ಎರಡರ ಮಧ್ಯೆ ಸಿಕ್ಕಿಸಿ ಈ ಸದ್ದು ತೆಗೆಯುತ್ತಿದ್ದರು. ತಯಾರಿಸುವ ಕಂಪನಿ ಫೆಂಡರ್ ಐದು ಸ್ಥಾನದ ಸ್ವಿಚ್ ಕೊಟ್ಟಿದ್ದು 1977ರಲ್ಲಿ. ಜನ ತುಳಿದ ಕಾಲುದಾರಿಗೆ ಆಮೇಲೆ ಡಾಂಬರು ಬಿದ್ದ ಹಾಗೆ.

ಆಂಪ್‌ನಲ್ಲಿ ಗೇನ್ (ಹೆಚ್ಚಿಸಿದಷ್ಟೂ ಸದ್ದು ಒರಟಾಗುತ್ತೆ) 2, ಬಾಸ್ 4, ಮಿಡ್ 5, ಟ್ರೆಬಲ್ 6, ರಿವರ್ಬ್ 2ರಿಂದ ಶುರು ಮಾಡಿ. ಗಿಟಾರಿನ ವಾಲ್ಯೂಮ್ 8 ಸಾಕು. ಸದ್ದಿನ ಏರಿಳಿತ ಸಮ ಮಾಡುವ ಕಂಪ್ರೆಸರ್ ಇದ್ದರೆ ಒತ್ತುವ ಪ್ರಮಾಣ 3:1, ಒತ್ತಲು ತೆಗೆದುಕೊಳ್ಳುವ ಸಮಯ, ಅಂದರೆ ಅಟ್ಯಾಕ್, 20–30 ಮಿಲಿಸೆಕೆಂಡ್. ಅದಕ್ಕಿಂತ ಚುರುಕಾಗಿಟ್ಟರೆ ಕಷ್ಟಪಟ್ಟು ತಂದ ‘ಟಕ್’ ಅನ್ನೇ ನುಂಗಿಬಿಡುತ್ತೆ. ಕೊನೆಯ ಫ್ರೆಟ್ ಒತ್ತಿ ಹಿಡಿದು ನೋಡಿದಾಗ ಪಿಕಪ್ಪಿಗೂ ಸಣ್ಣ ತಂತಿಗೂ 2 ಮಿ.ಮೀ., ದಪ್ಪ ತಂತಿಗೆ 2.5 ಮಿ.ಮೀ. ಜಾಗ ಇರಲಿ. ಜೋರು ಸದ್ದಿನ ಆಸೆಗೆ ಪಿಕಪ್ ಮೇಲೆತ್ತಿದರೆ ಅಯಸ್ಕಾಂತ ತಂತಿಯನ್ನು ಜಗ್ಗಿ ಸ್ವರ ನಡುಗುತ್ತೆ. ಬೈಗುಳ ತಿನ್ನುವುದು ಮಾತ್ರ ಶ್ರುತಿ ತೋರಿಸುವ ಪಾಪದ ಟ್ಯೂನರ್.

ಕೇಬಲ್ 3 ಮೀಟರ್ ಸಾಕು. ಮೀಟರಿಗೆ ಸುಮಾರು 100 ಪಿಕೊಫ್ಯಾರಡ್ ಕೆಪಾಸಿಟೆನ್ಸ್ (ಚೂಪು ಸದ್ದು ನುಂಗುವ ಗುಣ) ಲೆಕ್ಕದಲ್ಲಿ, ವರಾಂಡದಿಂದ ಎಳೆದ 10 ಮೀಟರ್ ಕೇಬಲ್ ದಾರಿಯಲ್ಲೇ ಟ್ರೆಬಲ್ ಇಳಿಸಿಕೊಂಡು ಬರುತ್ತೆ.

ಇಷ್ಟಾದರೂ ‘ಗುಂಯ್’ ಅಂತಿದ್ದರೆ ಕೂತಲ್ಲೇ ಗಿಟಾರನ್ನು ಕಾಲು ಸುತ್ತು ತಿರುಗಿಸಿ. ಸದ್ದು ಕಮ್ಮಿಯಾದರೆ ಪಕ್ಕದ ಟ್ರಾನ್ಸ್‌ಫಾರ್ಮರಿನ 50 ಹರ್ಟ್ಸ್ ಕರೆಂಟಿನ ಸದ್ದನ್ನು ಸಿಂಗಲ್ ಕಾಯಿಲ್ (ಒಂದೇ ಸುರುಳಿಯ) ಪಿಕಪ್ ಹಿಡಿಯುತ್ತಿದೆ ಅಂತಲೇ ಅರ್ಥ; ದೂರ ಸರಿದು ಕೂರಿ. ‘ಜರ್ರ್’ ಅಂದರೆ ಫ್ಯಾನ್ ರೆಗ್ಯುಲೇಟರ್ ಪೂರ್ತಿ ಜೋರಿಗೆ ತಿರುಗಿಸಿ ಅಥವಾ ಫ್ಯಾನ್ ಆರಿಸಿ. ಪ್ಲಗ್ಗಿನ ಅರ್ತ್ ಪಿನ್ ಮುರಿದು ಎರಡು ತೂತಿಗೆ ಸಿಕ್ಕಿಸುವ ಜಾಣತನ ಮಾತ್ರ ಬೇಡ. ಆಂಪ್ ಕೆಟ್ಟರೆ ಕರೆಂಟು ತಂತಿಯ ಮೂಲಕ ನಿಮ್ಮ ಬೆರಳಿಗೇ ಬರುತ್ತೆ.

ರೆಕಾರ್ಡ್ ಮಾಡುವಾಗ ಮೈಕ್ ಸ್ಪೀಕರಿನ ನಟ್ಟನಡುವಿಗಿಂತ 3–4 ಸೆಂ.ಮೀ. ಪಕ್ಕಕ್ಕಿರಲಿ, ನಡುವೆ ಇಟ್ಟರೆ ಕಿವಿಗೆ ಚುಚ್ಚುತ್ತೆ. ಬಟನ್ ಒತ್ತುವ ಮೊದಲು ಅಡುಗೆಮನೆಯಲ್ಲಿ ಬೇಳೆಗೆ ಇನ್ನೆಷ್ಟು ವಿಷಲ್ ಬಾಕಿ ಅಂತ ಕೇಳಿಕೊಳ್ಳಿ.